ಮಕ್ಕಳ ಚಿತ್ರಕಲಾ ಸ್ಪರ್ಧೆ ಈ ಸಲ ಹುಲ್ಲುಗಾವಲಿನಲ್ಲಿ ಆಗಲಿ: ಶಿಕಾಗೋ ಸುತ್ತಲ ಕನ್ನಡಿಗರಿಗೊಂದು ಬಹಿರಂಗ ಪತ್ರ

ಶಿಕಾಗೋ ಸುತ್ತಮುತ್ತಲ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ನಮ್ಮ ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘದ, ಅಂದರೆ ಎಚ್‌ಓಎ ಕಮಿಟಿಗಳಲ್ಲಿ ಕೂತಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ, ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಮಕ್ಕಳಿಗೆ ನಾವು ಮಾಡುವ ಚಿತ್ರಕಲಾ ಸ್ಪರ್ಧೆಯನ್ನು ಈ ಸಲ ಶಾಲೆಯ ಕ್ಯಾಫೆಟೇರಿಯಾದಲ್ಲಿ ಮಾಡುವುದು ಬೇಡ. ಆಗಸ್ಟ್ ತಿಂಗಳಲ್ಲಿ, ನೇಪರ್ವಿಲ್‌ನ ಸ್ಪ್ರಿಂಗ್‌ಬ್ರುಕ್ ಪ್ರೇರಿಯಲ್ಲಿ (ಪ್ರೇರಿ ಅಂದರೆ ಇಲ್ಲಿನ ಸಹಜ ಹುಲ್ಲುಗಾವಲು), ಬಯಲಲ್ಲಿ ಕೂತು ಮಾಡೋಣ. ಹಾಗೇ, ಎಚ್‌ಓಎ ಮೀಟಿಂಗ್‌ಗಳಲ್ಲಿ ಕೆರೆ ದಂಡೆಯ ಗಿಡಗಳನ್ನು "ಕಳೆ" ಅಂತ ಕತ್ತರಿಸೋಕೆ ಕೈ ಎತ್ತುವ ಮುಂಚೆ, ಈ ಪತ್ರವನ್ನು ಒಮ್ಮೆ ಓದಿ. ಎರಡೂ ಒಂದೇ ವಿಷಯ, ಯಾಕೆ ಅಂತ ಹೇಳುತ್ತೇನೆ.

ನಮ್ಮ ಸ್ಪರ್ಧೆಗಳಲ್ಲಿ "ಪ್ರಕೃತಿ" ಅಂತ ವಿಷಯ ಕೊಟ್ಟರೆ ಏನು ಬರುತ್ತೆ, ನಿಮಗೇ ಗೊತ್ತು. ಎರಡು ಬೆಟ್ಟ. ಮಧ್ಯದಲ್ಲಿ ಸೂರ್ಯ. ಬೆಟ್ಟದ ಸಂದಿಯಿಂದ ಒಂದು ನದಿ, ಪಕ್ಕದಲ್ಲಿ ತೆಂಗಿನಮರ, ಹೆಂಚಿನ ಮನೆ, ಆಕಾಶದಲ್ಲಿ ವಿ ಆಕಾರದ ನಾಲ್ಕು ಹಕ್ಕಿ. ಬಿಡಿಸಿದ ಮಗು ಹುಟ್ಟಿದ್ದು ಅರೋರಾದಲ್ಲಿ, ಓದುತ್ತಿರುವುದು ಪ್ಲೇನ್‌ಫೀಲ್ಡ್‌ನಲ್ಲಿ. ಸುತ್ತ ಎಷ್ಟು ದೂರ ನೋಡಿದರೂ ಬೆಟ್ಟವೇ ಇಲ್ಲ. ಮಗುವಿನ ತಪ್ಪೇನಿಲ್ಲ ಬಿಡಿ. ಅಪ್ಪ ಅಮ್ಮ ಕಲಿಸಿದ್ದು ಅದು, ಅಪ್ಪ ಅಮ್ಮನಿಗೆ ಅವರ ಡ್ರಾಯಿಂಗ್ ಮೇಷ್ಟ್ರು ಕಲಿಸಿದ್ದೂ ಅದೇ. ಬೆಟ್ಟ ಇದ್ದರೆ ಪ್ರಕೃತಿ, ಇಲ್ಲದಿದ್ದರೆ ಖಾಲಿ ಸೈಟು ಅನ್ನೋದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಈ ದೇಶದವರೂ ಹಾಗೇ ಇದ್ದರು. 1871ರಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಸರ್ಕಾರಿ ಸರ್ವೆ ತಂಡದ ಜೊತೆ ಯೆಲ್ಲೋಸ್ಟೋನ್‌ಗೆ ಹೋದರು. ಜೊತೆಗೆ ವಿಲಿಯಂ ಹೆನ್ರಿ ಜಾಕ್ಸನ್ ಅನ್ನುವ ಫೋಟೋಗ್ರಾಫರ್. ಇವರ ಜಲವರ್ಣಗಳನ್ನೂ ಫೋಟೋಗಳನ್ನೂ ವಾಷಿಂಗ್ಟನ್‌ನಲ್ಲಿ ಸಂಸದರ ಮುಂದೆ ಇಟ್ಟರು. ಆ ಜಾಗವನ್ನು ಕಣ್ಣಾರೆ ಕಂಡವರು ಆ ಸಂಸದರಲ್ಲಿ ಎಷ್ಟು ಜನ ಇದ್ದಾರು ಹೇಳಿ? 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಯಿತು. ಮೊರಾನ್ ಬಿಡಿಸಿದ ದೊಡ್ಡ ತೈಲಚಿತ್ರವನ್ನು ಕಾಂಗ್ರೆಸ್ಸೇ 10,000 ಡಾಲರ್ ಕೊಟ್ಟು ಕೊಂಡುಕೊಂಡಿತು.

ಬೆಟ್ಟಕ್ಕೆ, ಜಲಪಾತಕ್ಕೆ ಚಿತ್ರಕಾರರು ಬೇಗ ಸಿಕ್ಕಿದರು. ಹುಲ್ಲಿಗೆ ಸಿಗಲಿಲ್ಲ. ಎತ್ತರದ ಹುಲ್ಲಿನ ಪ್ರೇರಿಗೆ ಅಂತ ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಒಂದು ರಾಷ್ಟ್ರೀಯ ಸಂರಕ್ಷಿತ ಜಾಗ ಆಗಿದ್ದು 1996ರಲ್ಲಿ. ಲೆಕ್ಕ ಹಾಕಿ, ಯೆಲ್ಲೋಸ್ಟೋನ್ ಆಗಿ 124 ವರ್ಷದ ಮೇಲೆ.

ಹಾಗಂತ ಯಾರೂ ಮೊದಲೇ ನೋಡಿರಲಿಲ್ಲ ಅಂತಲ್ಲ. ಜಾರ್ಜ್ ಕ್ಯಾಟ್ಲಿನ್ ಅಂತ ಒಬ್ಬ ಚಿತ್ರಕಾರ 1832ರಲ್ಲಿ ಸ್ಟೀಮ್‌ಬೋಟ್ ಹತ್ತಿ ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋದರು. ಮೂಲನಿವಾಸಿಗಳ ಮುಖಗಳು, ಕಾಡೆಮ್ಮೆಗಳ ಹಿಂಡು, ಪ್ರೇರಿಗೆ ಬಿದ್ದ ಬೆಂಕಿ, ಎಲ್ಲ ಬಿಡಿಸಿದರು. ಈ ಜನ, ಈ ಪ್ರಾಣಿ, ಈ ಹುಲ್ಲು ಮೂರೂ ಒಟ್ಟಿಗೆ ಉಳಿಯುವ ಹಾಗೆ ಇಡೀ ದೇಶಕ್ಕೆ ಸೇರಿದ ಒಂದು ಪಾರ್ಕು ಮಾಡಬೇಕು ಅಂತ ಬರೆದರು. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನದ ಮಾತು ಮೊದಲು ಎತ್ತಿದವರಲ್ಲಿ ಕ್ಯಾಟ್ಲಿನ್ ಒಬ್ಬರು, ಅದೂ ಹುಲ್ಲುಗಾವಲು ನೋಡಿ ಎತ್ತಿದ್ದು! ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಾಗಿ ಐದೇ ವರ್ಷಕ್ಕೆ, 1837ರಲ್ಲಿ, ನಮ್ಮ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಊರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ. ಇಲ್ಲಿನ ಕಪ್ಪು ಅಂಟುಮಣ್ಣು ಹಳೇ ನೇಗಿಲಿಗೆ ಮೆತ್ತಿಕೊಂಡು ರೈತರಿಗೆ ತಲೆನೋವಾಗಿತ್ತು. ಉಕ್ಕಿನ ನೇಗಿಲಿಗೆ ಮೆತ್ತಲಿಲ್ಲ. ಆಮೇಲೆ ಹುಲ್ಲು ಉಳಿಯಲಿಲ್ಲ.

ಎಷ್ಟು ಹೋಯಿತು ಅಂತ ಕೇಳಿ. ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. 1978ರ ಹೊತ್ತಿಗೆ ರಾಜ್ಯದವರು ಊರೂರು ತಿರುಗಿ ಸರ್ವೆ ಮಾಡಿದಾಗ, ಕೆಡದೆ ಚೆನ್ನಾಗಿ ಉಳಿದಿದ್ದ ಮೂಲ ಪ್ರೇರಿ ಸಿಕ್ಕಿದ್ದು ಸುಮಾರು 2,300 ಎಕರೆ. ಸಾವಿರ ಅಲ್ಲ, ಹತ್ತು ಸಾವಿರ ಎಕರೆಗೆ ಒಂದೇ ಎಕರೆ ಲೆಕ್ಕ. ಇಷ್ಟಾದರೂ ಈ ರಾಜ್ಯದ ಅಡ್ಡಹೆಸರು ಇವತ್ತಿಗೂ "ಪ್ರೇರಿ ರಾಜ್ಯ"!

ಉಳಿದಿದ್ದಾದರೂ ಎಲ್ಲಿ? ರೈಲು ಹಳಿಯ ಪಕ್ಕ, ಮತ್ತೆ ಹಳೇ ಸ್ಮಶಾನಗಳಲ್ಲಿ. ಯಾಕಂದರೆ ಅಲ್ಲಿ ನೇಗಿಲು ಹೋಗಲಿಲ್ಲ. ನೇಪರ್ವಿಲ್‌ನ ದಕ್ಷಿಣಕ್ಕೆ ವರ್ಮಾಂಟ್ ಸಿಮಿಟರಿ ಅಂತ ಒಂದು ಜಾಗ ಇದೆ. ಮೊದಲು ಬಂದು ನೆಲೆ ನಿಂತವರ ಗೋರಿಗಳು, ಸುತ್ತ ಒಂದೇ ಒಂದು ಎಕರೆ ಮೂಲ ಪ್ರೇರಿ. ವೆಸ್ಟ್‌ಚೆಸ್ಟರ್‌ನ ವುಲ್ಫ್ ರೋಡ್ ಪ್ರೇರಿ ಇನ್ನೂ ತಮಾಷೆ. 1920ರ ದಶಕದಲ್ಲಿ ಲೇಔಟ್ ಮಾಡಿ, ಕಾಂಕ್ರೀಟ್ ಫುಟ್‌ಪಾತ್ ಕೂಡ ಹಾಕಿಬಿಟ್ಟಿದ್ದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಮನೆ ಏಳಲಿಲ್ಲ. ಈಗಲೂ ಹೋದರೆ ಆ ಫುಟ್‌ಪಾತ್ ಮೇಲೇ ನಡೆಯಬಹುದು. ಎರಡೂ ಪಕ್ಕ ಮನೆ ಇರಬೇಕಾದ ಕಡೆ ಆಳೆತ್ತರದ ಹುಲ್ಲು. ರಿಯಲ್ ಎಸ್ಟೇಟ್ ಮುಳುಗಿದ್ದರಿಂದ ಒಳ್ಳೆಯದಾದ ಜಾಗ ಇನ್ನೆಲ್ಲಾದರೂ ಇದ್ದರೆ ಹೇಳಿ.

ಈಗ ಚಿತ್ರಕಾರರ ವಿಷಯಕ್ಕೆ ಬರ್ತೀನಿ. ನನಗೆ ಇದರಲ್ಲಿ ತುಂಬಾ ಇಷ್ಟವಾದವರು ಟೆರ್ರಿ ಇವಾನ್ಸ್. ಕ್ಯಾನ್ಸಸ್ ಕಡೆಯವರು, ಆಮೇಲೆ ಶಿಕಾಗೋಗೆ ಬಂದವರು. ಮೊದಲು ಜನರ ಫೋಟೋ ತೆಗೆಯುತ್ತಿದ್ದರು. 1978ರಲ್ಲಿ ಸಲೈನಾ ಊರಿನ ಹತ್ತಿರ ಒಂದು ಸಣ್ಣ ಪ್ರೇರಿಯ ಫೋಟೋ ತೆಗೆಯೋಕೆ ಗೆಳೆಯರು ಕರೆದರು. ಪ್ರೇರಿಯ ಫೋಟೋ ಅಂದರೆ ನೀವು ನಾವು ಏನು ಮಾಡ್ತೀವಿ? ದೂರ ನಿಂತು, ಮೇಲೆ ಆಕಾಶ, ಕೆಳಗೆ ಹುಲ್ಲು, ಕ್ಲಿಕ್. ಮನೆಗೆ ಬಂದು ನೋಡಿದರೆ ಏನೂ ಇರಲ್ಲ. ಇವಾನ್ಸ್ ಕ್ಯಾಮೆರಾವನ್ನು ನೇರವಾಗಿ ಕೆಳಗೆ ತಿರುಗಿಸಿದರು. ಕಾಲ ಬುಡದ ನೆಲ. ದಿಗಂತ ಇಲ್ಲ, ಆಕಾಶ ಇಲ್ಲ. ಒಂದು ಗಜ ನೆಲದಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುವ ಎಲೆ, ಕಡ್ಡಿ, ಒಣ ಹೂವು, ಬೀಜ. ಆ ಫೋಟೋ ನೋಡಿದರೆ ಇಷ್ಟೊಂದು ಇದೆಯಾ ಇಲ್ಲಿ ಅನಿಸುತ್ತೆ. ಆಮೇಲೆ ವಿಮಾನದಿಂದಲೂ ತೆಗೆದರು, ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಒಣಗಿಸಿ ಇಟ್ಟಿರುವ ಪ್ರೇರಿ ಗಿಡಗಳ ಫೋಟೋಗಳನ್ನೂ ತೆಗೆದರು.

ಜೋಲಿಯೆಟ್ ಹತ್ತಿರ ಸೈನ್ಯದ ಮದ್ದುಗುಂಡಿನ ಕಾರ್ಖಾನೆ ಇತ್ತು. ಅದು ಮುಚ್ಚಿದ ಮೇಲೆ, ಬಂಕರ್‌ಗಳ ಮೇಲೆ ಹುಲ್ಲು ಬೆಳೆದು ನಿಂತಿದ್ದ ಆ ವಿಚಿತ್ರ ನೆಲವನ್ನು 90ರ ದಶಕದಲ್ಲಿ ಇದೇ ಇವಾನ್ಸ್ ಕ್ಯಾಮೆರಾದಲ್ಲಿ ಹಿಡಿದರು. ಆ ಜಾಗವೇ 1996ರಲ್ಲಿ ಮಿಡೇವಿನ್ ಅನ್ನುವ ರಾಷ್ಟ್ರೀಯ ಪ್ರೇರಿ ಆಯಿತು. ಸುಮಾರು 19,000 ಎಕರೆ. 2015ರಲ್ಲಿ ಕಾಡೆಮ್ಮೆಗಳನ್ನೂ ತಂದು ಬಿಟ್ಟರು. ಅಕ್ಕಪಕ್ಕದಲ್ಲಿ ನಾವು ಆನ್‌ಲೈನಲ್ಲಿ ತರಿಸಿಕೊಳ್ಳುವ ಸಾಮಾನಿನ ಗೋದಾಮುಗಳು, ಸಾಲು ಸಾಲು ಲಾರಿಗಳು. ನೇಪರ್ವಿಲ್‌ನಿಂದ ಮುಕ್ಕಾಲು ಗಂಟೆಯ ದಾರಿ. ನಮ್ಮಲ್ಲಿ ಎಷ್ಟು ಜನ ಹೋಗಿದ್ದೀವಿ? ಲೆಮಾಂಟ್ ದೇವಸ್ಥಾನಕ್ಕೆ ಹೋಗಿ ಕ್ಯಾಂಟೀನ್‌ನಲ್ಲಿ ದೋಸೆ ತಿಂದು ಬರೋ ಅಷ್ಟೇ ಹೊತ್ತಿನ ಕೆಲಸ ಅದು.

ಕ್ಯಾನ್ಸಸ್‌ನ ಕಥೆಯಲ್ಲಿ ಇನ್ನೊಬ್ಬರು, ಪೆಟ್ರೀಶಿಯಾ ಡುಬೋಸ್ ಡಂಕನ್. ಚಿತ್ರಕಾರ್ತಿ, ಫೋಟೋಗ್ರಾಫರ್ ಎರಡೂ. 1970ರ ದಶಕದಲ್ಲಿ ಅವರ ಪ್ರೇರಿ ಚಿತ್ರಗಳ ಪ್ರದರ್ಶನವನ್ನು ಸ್ಮಿತ್ಸೋನಿಯನ್ ಸಂಸ್ಥೆ ಊರೂರಿಗೆ ಕಳಿಸಿತು. ಪ್ರೇರಿ ಪಾರ್ಕ್ ಬೇಕು ಅಂತ ಹೋರಾಡುತ್ತಿದ್ದವರ ಜೊತೆ ಅವರೂ ನಿಂತರು. ದನ ಸಾಕುವ ರೈತರು ಒಪ್ಪಲಿಲ್ಲ, ಸರ್ಕಾರ ನಮ್ಮ ನೆಲ ಕಿತ್ತುಕೊಳ್ಳುತ್ತೆ ಅಂತ ಅವರ ಭಯ. ಆ ಭಯ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ. ಎಷ್ಟೋ ವರ್ಷ ಎಳೆದಾಡಿ ಕೊನೆಗೆ ಒಂದು ರಾಜಿ ಆಯಿತು: ಸುಮಾರು 11,000 ಎಕರೆ ಸಂರಕ್ಷಿತ ಜಾಗ, ಆದರೆ ಅದರಲ್ಲಿ ಸರ್ಕಾರದ ಹೆಸರಿನಲ್ಲಿ 180 ಎಕರೆಗಿಂತ ಜಾಸ್ತಿ ಇರುವಂತಿಲ್ಲ. ಉಳಿದದ್ದು ಖಾಸಗಿ ಸಂಸ್ಥೆಯ ಕೈಯಲ್ಲಿ. ಚಿತ್ರ ತೋರಿಸಿದ ಕೂಡಲೇ ಎಲ್ಲರೂ ಕಣ್ಣೀರು ಹಾಕಿ ಒಪ್ಪಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೋತ ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ರಾಕ್‌ಫರ್ಡ್ ವಿಮಾನ ನಿಲ್ದಾಣದ ಜಾಗದಲ್ಲಿ ಬೆಲ್ ಬೌಲ್ ಪ್ರೇರಿ ಅಂತ ಇತ್ತು. ಹಿಮಯುಗದ ಜಲ್ಲಿಯ ಮೇಲೆ ಬೆಳೆದ ಬಲು ಅಪರೂಪದ ಹುಲ್ಲುಗಾವಲು. ಕಾರ್ಗೋ ವಿಸ್ತರಣೆಗೆ ರಸ್ತೆ ಬೇಕಿತ್ತು. 2021ರಲ್ಲಿ ಅಲ್ಲಿ ಅಳಿವಿನಂಚಿನ ಒಂದು ಜಾತಿಯ ದುಂಬಿ ಕಾಣಿಸಿಕೊಂಡಿತು, ಕೆಲಸ ನಿಂತಿತು. ಜನ ಪತ್ರ ಬರೆದರು, ಫಲಕ ಹಿಡಿದರು, ಕೋರ್ಟಿಗೆ ಹೋದರು. 2023ರ ಮಾರ್ಚ್‌ನಲ್ಲಿ ಬುಲ್ಡೋಜರ್ ಬಂತು. ಮುಗೀತು. ನನ್ನ ಅನಿಸಿಕೆ ಏನಂದರೆ, ಬೇಲಿಯ ಒಳಗೆ, ಜನರ ಕಣ್ಣಿಗೆ ಬೀಳದೆ ಇದ್ದ ಜಾಗ ಅದು. ತಿಳಿದವರು ಬಿಟ್ಟರೆ ಮಿಕ್ಕವರಿಗೆ ಅದರ ಪರಿಚಯ ಆಗಿದ್ದೇ ಅದು ಸಾಯೋ ಹೊತ್ತಿಗೆ.

ನಮ್ಮ ಬಡಾವಣೆಗಳಲ್ಲೂ ಸಣ್ಣ ಮಟ್ಟದಲ್ಲಿ ನಡೆಯುವುದು ಇದೇ ಅಲ್ವಾ? ಮಳೆನೀರು ನಿಲ್ಲೋಕೆ ಅಂತ ಮಾಡಿದ ಕೆರೆಗಳ ದಂಡೆಗೆ ಈಗೀಗ ಸ್ಥಳೀಯ ಗಿಡ ಹಾಕುತ್ತಾರೆ. ಬೇರು ಆಳಕ್ಕೆ ಇಳಿಯುತ್ತೆ, ದಂಡೆ ಕುಸಿಯಲ್ಲ. ಮೊದಲ ಎರಡು ಮೂರು ವರ್ಷ ನೋಡೋಕೆ ಏನೂ ಚೆನ್ನಾಗಿರಲ್ಲ, ಒಪ್ಪುತ್ತೇನೆ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಲ್ಲಿ ಶುರು: "ಹಾವು ಬರುತ್ತೆ", "ಮನೆ ರೇಟು ಬೀಳುತ್ತೆ", "ಇದಕ್ಕಾ ನಾವು ತಿಂಗಳು ತಿಂಗಳು ದುಡ್ಡು ಕಟ್ಟೋದು". ನಾನಿರುವ ಕಡೆಯೂ ಹೀಗೇ ಆಯಿತು. ಹೂ ಬಿಡೋ ವರ್ಷ ಬಂದಿತ್ತು, ಅಷ್ಟರಲ್ಲಿ ಮಿಷನ್ ಬಂದು ನೀರಿನವರೆಗೂ ನುಣ್ಣಗೆ ಹೊಡೆದು ಹೋಯಿತು. ದೂರು ಕೊಟ್ಟವರಲ್ಲಿ ನಮ್ಮ ಭಾಷೆಯವರೂ ಇದ್ದರು ಅನ್ನೋದೇ ಈ ಪತ್ರಕ್ಕೆ ಅರ್ಧ ಕಾರಣ.

ಅಂದಹಾಗೆ 2024ರಲ್ಲಿ ಇಲಿನಾಯ್ ಒಂದು ಕಾನೂನು ಮಾಡಿದೆ. ಮನೆಯವರು ತಮ್ಮ ಅಂಗಳದಲ್ಲಿ ಸ್ಥಳೀಯ ಗಿಡ ಬೆಳೆಸಿ ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಎಚ್‌ಓಎ ಸುಮ್ನೆ ಬೇಡ ಅನ್ನುವ ಹಾಗಿಲ್ಲ. ಕಮಿಟಿಯಲ್ಲಿರುವವರು ದಯವಿಟ್ಟು ಓದಿಕೊಳ್ಳಿ. ಇನ್ನೊಂದು ವಿಷಯ, ಮಾರ್ಚ್ ಏಪ್ರಿಲ್‌ನಲ್ಲಿ ಪ್ರೇರಿಗಳಲ್ಲಿ ಬೆಂಕಿ ಕಂಡರೆ ಗಾಬರಿಯಾಗಿ ವಿಡಿಯೋ ಹಾಕಬೇಡಿ. ಬೇಕಂತಲೇ ಹಚ್ಚುವುದು ಅದು, ತರಬೇತಿ ಪಡೆದವರು, ಗಾಳಿ ನೋಡಿಕೊಂಡು. ಬೆಂಕಿ ಇಲ್ಲದಿದ್ದರೆ ಪೊದೆ, ಮರ ಬೆಳೆದು ಪ್ರೇರಿ ಮುಚ್ಚಿಹೋಗುತ್ತೆ. ಇಲ್ಲಿನ ಮೂಲನಿವಾಸಿಗಳು ಯಾವ ಕಾಲದಿಂದಲೋ ಮಾಡುತ್ತಿದ್ದ ಕೆಲಸ. ಫಿಲಿಪ್ ಜುರಾಸ್ ಎಂಬ ಚಿತ್ರಕಾರ ದೂರದ ಜಾರ್ಜಿಯಾದಿಂದ ಬಂದು ಇಲಿನಾಯ್‌ನ ಪ್ರೇರಿಗಳನ್ನು ಅಲ್ಲೇ ನಿಂತು ತೈಲವರ್ಣದಲ್ಲಿ ಬಿಡಿಸಿದ್ದಾರೆ, ಹೀಗೆ ಹಚ್ಚಿದ ಬೆಂಕಿಯನ್ನೂ ಬಿಡಿಸಿದ್ದಾರೆ. 2021ರಲ್ಲಿ ಶಿಕಾಗೋ ಬೊಟಾನಿಕ್ ಗಾರ್ಡನ್‌ನಲ್ಲಿ ಆ ಚಿತ್ರಗಳ ಪ್ರದರ್ಶನ ಆಗಿತ್ತು.

ನಾವು ಹೊರಗಿನಿಂದ ಬಂದವರು, ನಮಗ್ಯಾಕೆ ಇಲ್ಲಿನ ಹುಲ್ಲಿನ ಉಸಾಬರಿ ಅಂತ ಒಬ್ಬರು ಕೇಳಿದರು. ಸರಿ, ಯೆನ್ಸ್ ಯೆನ್ಸನ್ ಯಾರು? ಡೆನ್ಮಾರ್ಕ್‌ನಿಂದ ಬಂದು ಶಿಕಾಗೋ ಪಾರ್ಕುಗಳಲ್ಲಿ ಕೂಲಿ ಮಾಡಿದವರು. ಹೊರದೇಶದ ಶೋಕಿ ಗಿಡಗಳು ಇಲ್ಲಿ ಸಾಯುವುದನ್ನು ನೋಡಿ, ಊರಾಚೆ ಹೋಗಿ ಕಾಡುಹೂಗಳನ್ನು ಕಿತ್ತು ತಂದು, 1888ರಲ್ಲಿ ಯೂನಿಯನ್ ಪಾರ್ಕ್‌ನಲ್ಲಿ ನೆಟ್ಟರು. ಮುಂದೆ ಅವರೇ ದೊಡ್ಡ ಉದ್ಯಾನ ವಿನ್ಯಾಸಕಾರರಾದರು, ಊರ ಪಶ್ಚಿಮದ ಕೊಲಂಬಸ್ ಪಾರ್ಕ್ ಅವರದ್ದೇ. 1913ರಲ್ಲಿ ಸ್ಥಳೀಯ ನೆಲ ಉಳಿಸುವ ಗೆಳೆಯರ ಸಂಘ ಕಟ್ಟಿದರು. ಭಾಷಣಕ್ಕಿಂತ ಬಯಲು ನಾಟಕ ಮೇಲು ಅಂತ ಮರದಡಿ ನಾಟಕ ಆಡಿಸುತ್ತಿದ್ದರು! ಇವತ್ತಿನ ಕಾಲಕ್ಕೆ ಬಂದರೆ ಹೀಯಂಗ್ ಕಿಮ್ ಇದ್ದಾರೆ. ಹುಟ್ಟಿದ್ದು ಕೊರಿಯಾದಲ್ಲಿ. ಇಲ್ಲಿಗೆ ಬಂದು ಇಲ್ಲಿನ ಪ್ರೇರಿ ಗಿಡಗಳನ್ನೇ ಜಲವರ್ಣದಲ್ಲಿ ಬಿಡಿಸುತ್ತಾರೆ. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಚಿನ್ನದ ಪದಕ ಬಂದಿದೆ. ಅವರೂ ಹೊರಗಿನವರೇ ತಾನೆ?

ನಮ್ಮ ಇಂಜಿನಿಯರ್ ಬಂಧುಗಳಿಗೆ ಚಿತ್ರ ಗಿತ್ರ ಅಂದರೆ ಸ್ವಲ್ಪ ತಾತ್ಸಾರ, ಅದಕ್ಕೆ ಫರ್ಮಿಲ್ಯಾಬ್ ವಿಷಯ. ಬಟೇವಿಯಾದ ಆ ಪ್ರಯೋಗಾಲಯದ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಭೌತವಿಜ್ಞಾನಿ, ಜೊತೆಗೆ ಶಿಲ್ಪಿ. 1969ರಲ್ಲಿ ಸಂಸತ್ತಿನ ಸಮಿತಿಯೊಂದು, ಅಣುವಿನೊಳಗಿನ ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ನಿಮ್ಮ ಈ ಯಂತ್ರದಿಂದ ದೇಶದ ರಕ್ಷಣೆಗೆ ಏನು ಉಪಯೋಗ ಅಂತ ಕೇಳಿತು. ರಕ್ಷಣೆಗೆ ನೇರ ಸಂಬಂಧ ಇಲ್ಲ, ನಾವು ಒಳ್ಳೆಯ ಚಿತ್ರಕಾರರಾ, ಶಿಲ್ಪಿಗಳಾ, ಕವಿಗಳಾ ಅನ್ನೋದಕ್ಕೆ ಸಂಬಂಧ ಇದೆ, ಈ ದೇಶವನ್ನು ರಕ್ಷಿಸೋಕೆ ಯೋಗ್ಯವಾಗಿ ಇಡೋದಕ್ಕೆ ಸಂಬಂಧ ಇದೆ ಅಂತ ಅವರು ಉತ್ತರ ಕೊಟ್ಟರು. ಅದೇ ವರ್ಷ ಕ್ಯಾಂಪಸ್ಸಿಗೆ ಕಾಡೆಮ್ಮೆ ತಂದರು. ಆಮೇಲೆ ರಾಬರ್ಟ್ ಬೆಟ್ಜ್ ಎಂಬ ಪ್ರೊಫೆಸರ್ ಬಂದು ನಿಮ್ಮ ಯಂತ್ರದ ವರ್ತುಲದ ಒಳಗಿನ ಖಾಲಿ ನೆಲದಲ್ಲಿ ಪ್ರೇರಿ ಬೆಳೆಸೋಣ, ಆದರೆ ಇಪ್ಪತ್ತು ವರ್ಷ, ನಲವತ್ತು ವರ್ಷ ಬೇಕಾದರೂ ಹಿಡಿದೀತು ಅಂದರು. ಹಾಗಾದರೆ ಇವತ್ತು ಮಧ್ಯಾಹ್ನವೇ ಶುರು ಮಾಡೋಣ ಅಂದರಂತೆ ವಿಲ್ಸನ್. 1975ರಲ್ಲಿ ಹತ್ತು ಎಕರೆಗೂ ಕಮ್ಮಿ ಜಾಗದಲ್ಲಿ ಬಿತ್ತಿದ್ದು ಬೆಳೀತಾ ಬೆಳೀತಾ ಸುಮಾರು ಸಾವಿರ ಎಕರೆ ಆಯಿತು.

ಇದನ್ನು ಬರೆಯುವಾಗ ಚಳ್ಳಕೆರೆ ನೆನಪಾಗದೆ ಇರಲ್ಲ. ಅಲ್ಲಿ ಆಗಿದ್ದು ಇದರ ತದ್ವಿರುದ್ಧ. ಅಮೃತ ಮಹಲ್ ಕಾವಲಿನ ಎಂಟು ಸಾವಿರ ಎಕರೆಗೂ ಜಾಸ್ತಿ ಹುಲ್ಲುಗಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಬೆಂಗಳೂರು ಹತ್ತಿರದ ಹೆಸರಘಟ್ಟದ ಹುಲ್ಲುಗಾವಲು ಮಾತ್ರ ಸ್ವಲ್ಪ ಸಮಾಧಾನ. ಅದನ್ನು ಉಳಿಸಲು ಮುಂದೆ ನಿಂತವರಲ್ಲಿ ಫೋಟೋಗ್ರಾಫರ್‌ಗಳಿದ್ದರು. ಮೀಸಲು ಪ್ರದೇಶ ಮಾಡುವ ಪ್ರಸ್ತಾವ ಒಮ್ಮೆ ಬಿದ್ದೂ ಹೋಗಿತ್ತು, 2024ರಲ್ಲಿ ಪಾಸಾಯಿತು.

ಸರಿ, ಸ್ಪರ್ಧೆಗೆ ಬರೋಣ. ಆಗಸ್ಟೇ ಯಾಕೆ ಅಂದರೆ ಆಗ ಹುಲ್ಲು ಪೂರ್ತಿ ಎದ್ದು ನಿಂತಿರುತ್ತೆ. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ದೊಡ್ಡವರ ತಲೆಗಿಂತ ಮೇಲೆ ಹೋಗಿರುತ್ತೆ. ತುದಿಯಲ್ಲಿ ತೆನೆ ರಾಗಿ ತೆನೆಯ ಹಾಗೆ ಬೆರಳು ಬಿಟ್ಟಿರುತ್ತೆ, ಆದರೆ ಸಾಮಾನ್ಯವಾಗಿ ಮೂರೇ ಬೆರಳು, ಸ್ವಲ್ಪ ನೇರಳೆ ಬಣ್ಣ. ಕಂಪಾಸ್ ಪ್ಲಾಂಟ್ ಅಂತ ಹಳದಿ ಹೂವಿನ ಗಿಡ, ಅದರ ಬುಡದ ಎಲೆಗಳು ಅಂಚನ್ನು ಉತ್ತರ ದಕ್ಷಿಣಕ್ಕೆ ಮಾಡಿಕೊಂಡು ನಿಲ್ಲುತ್ತವೆ. ಎಲೆ ಸವರಿದರೆ ಉಪ್ಪುಕಾಗದ ಸವರಿದಂತೆ ಒರಟು. ಅದರ ಬೇರು ಹದಿನೈದು ಅಡಿವರೆಗೂ ಇಳಿಯುತ್ತಂತೆ, ಅಂದರೆ ನಮ್ಮ ಬೇಸ್‌ಮೆಂಟಿಗಿಂತ ಆಳ. ಇನ್ನು ಪ್ರೇರಿ ಡ್ರಾಪ್‌ಸೀಡ್ ಅಂತ ಒಂದು ಸಣ್ಣ ಹುಲ್ಲು, ಅದು ಹೂ ಬಿಟ್ಟಾಗ ಹತ್ತಿರ ಹೋಗಿ ಮೂಸಿ ನೋಡಿ. ಇಲ್ಲಿನವರಲ್ಲಿ ಕೆಲವರು ಬೆಣ್ಣೆ ಹಾಕಿದ ಪಾಪ್‌ಕಾರ್ನ್ ಅಂತಾರೆ. ಕೊತ್ತಂಬರಿ ಅದು, ಕೇಳಿ ನನ್ನ ಮಾತು.

ವಿಷಯ ಕೊಡುವುದೇ ಬೇಡ. ಪ್ರತಿ ಮಗುವಿಗೂ ದಾರದಿಂದ ಒಂದು ಗಜ ಚೌಕ ಮಾಡಿ ಕೊಡೋಣ, ದಾರಿಯ ಅಂಚಿನಲ್ಲೇ ಇಟ್ಟು ಅದರೊಳಗೆ ಕಂಡದ್ದನ್ನು ಬಿಡಿಸಲಿ. ಟೆರ್ರಿ ಇವಾನ್ಸ್ ಮಾಡಿದ್ದೇ ಅದು, ಕದ್ದರೆ ಅವರು ಬೇಜಾರು ಮಾಡಿಕೊಳ್ಳಲ್ಲ ಅನಿಸುತ್ತೆ. ಬಹುಮಾನ ಅಂದವಾಗಿ ಬಿಡಿಸಿದವರಿಗೆ ಬೇಡ, ಜಾಸ್ತಿ ನೋಡಿದವರಿಗೆ ಇರಲಿ. ಆ ಚಿತ್ರಗಳನ್ನು ರಾಜ್ಯೋತ್ಸವದ ದಿನ ಹಾಲ್ ಹೊರಗೆ ಹಚ್ಚೋಣ. ಎಚ್‌ಓಎ ಮೀಟಿಂಗ್‌ಗೂ ಒಂದಿಷ್ಟು ತಗೊಂಡು ಹೋಗಿ. ಕೆರೆ ದಂಡೆ ಕತ್ತರಿಸೋ ವಿಷಯ ಬಂದಾಗ ಅದೇ ಬೀದಿಯ ಒಂಬತ್ತು ವರ್ಷದ ಮಗು ಬಿಡಿಸಿದ ಮೊನಾರ್ಕ್ ಚಿಟ್ಟೆಯ ಹುಳ ಮೇಜಿನ ಮೇಲಿದ್ದರೆ, "ಕಳೆ" ಅನ್ನೋಕೆ ಬಾಯಿ ಬರುತ್ತಾ ನೋಡೋಣ.

ಕೆಲವು ಕೆಲಸದ ಮಾತು. ಗುಂಪಾಗಿ ಹೋಗೋಕೆ ಫಾರೆಸ್ಟ್ ಪ್ರಿಸರ್ವ್‌ನವರ ಪರ್ಮಿಟ್ ಬೇಕಾಗಬಹುದು, ಕಾರ್ಯದರ್ಶಿಗಳು ಈಗಲೇ ವಿಚಾರಿಸಲಿ. ಬೆಳಿಗ್ಗೆ ಎಂಟಕ್ಕೇ ಶುರು ಮಾಡಬೇಕು, ಕನ್ನಡದ ಎಂಟು ಅಲ್ಲ, ನಿಜವಾದ ಎಂಟು. ಹತ್ತರ ಮೇಲೆ ಬಿಸಿಲು ತಡೆಯಲ್ಲ, ಅಲ್ಲಿ ನೆರಳು ಕಮ್ಮಿ. ಉದ್ದ ಪ್ಯಾಂಟು, ಕಾಲುಚೀಲ ಹಾಕಿಸಿ, ಉಣ್ಣಿ ಹುಳ ಇರುತ್ತೆ, ಮನೆಗೆ ಬಂದ ಮೇಲೆ ಮಕ್ಕಳ ಮೈ ನೋಡಿ. ದಾರಿ ಬಿಟ್ಟು ಒಳಗೆ ನುಗ್ಗಬಾರದು. ಅತ್ತೆ ಮಾವ ಊರಿಂದ ಬಂದಿದ್ದರೆ ಖಂಡಿತ ಕರೆತನ್ನಿ, ಹುಲ್ಲಿನ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಆದರೆ ಪೂಜೆಗೆ ಅಂತ ಹೂ ಕೀಳೋ ಹಾಗಿಲ್ಲ ಅಂತ ಮೊದಲೇ ಹೇಳಿಬಿಡಿ. ತಿಂಡಿಗೆ ಚಿತ್ರಾನ್ನ ಸಾಕು. ದಾರ, ಬೋರ್ಡು, ಪೆನ್ಸಿಲ್ ನಾನು ತರುತ್ತೇನೆ. ಮುಂದಿನ ಕಮಿಟಿ ಮೀಟಿಂಗ್‌ನಲ್ಲಿ ಇದನ್ನು ಮೊದಲ ವಿಷಯವಾಗಿ ಹಾಕಿ, ಗಣೇಶನ ಹಬ್ಬದ ಊಟದ ಚರ್ಚೆ ಶುರುವಾದ ಮೇಲೆ ಬೇರೆ ಯಾವುದಕ್ಕೂ ಟೈಮ್ ಉಳಿಯಲ್ಲ.

ಇಂತಿ,
ನಿಮ್ಮಲ್ಲೊಬ್ಬ, ನೇಪರ್ವಿಲ್